ಕೊಟ್ಟಿಗೆಯ ಚಿತ್ರಗಾರರು

ನಮ್ಮವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಶಾಲೆಯ ಹೊಸ ಹೆಡ್‌ಮಾಸ್ತರರು ಕೇಳಿದ್ದಾರೆ. ಮಡಿಕೇರಿಯ ಹಳೆಯ ಕಸುಬುದಾರರ ವಿಷಯವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಸಿಡುತ್ತಾರಂತೆ. ನಾಲ್ಕು ಮಾತಿಗೆ ಮುಗಿಯುವಂಥ ಗಂಡ ಸಿಕ್ಕಿದ್ದರೆ ನನ್ನ ತಲೆ ಇಷ್ಟು ಬೇಗ ನರೆಯುತ್ತಿರಲಿಲ್ಲ. ಆದರೂ ಬರೆಯುತ್ತೇನೆ. ಬೇರೆ ಯಾರಾದರೂ ಬರೆಯಹೊರಟರೆ ಅವರನ್ನು ದೊಡ್ಡ ಋಷಿ ಮಾಡಿಬಿಡುತ್ತಾರೆ, ಇಲ್ಲವೇ ಹುಚ್ಚ ಮಾಡಿಬಿಡುತ್ತಾರೆ. ಅವರು ಎರಡೂ ಅಲ್ಲ. ಮೂವತ್ತು ವರ್ಷ ಅನ್ನ ಬಡಿಸಿದವಳು ನಾನು, ನನಗೆ ಗೊತ್ತು. ಅವರ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ, ಬರೆಯುವುದೂ ಬೇಡ. ಮುಂದೆ ಯಾರಾದರೂ ಕರೆದಾಗ ನಿಮಗೇ ತಿಳಿಯುತ್ತದೆ.

ನಾವು ಶನಿವಾರಸಂತೆ ಕಡೆಯವರು. ಸಾವಿರದ ಒಂಬೈನೂರ ಇಪ್ಪತ್ತಾರರಲ್ಲಿ ನನಗೆ ಮಡಿಕೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಹೆಂಡತಿಯ ಹಿಂದೆ ಗಂಡ ಗಂಟುಮೂಟೆ ಹೊತ್ತು ಹೋದ ಎಂದು ನಮ್ಮ ಕಡೆಯವರು ವರ್ಷಗಟ್ಟಲೆ ಆಡಿಕೊಂಡರು. ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಗಾಡಿಯಲ್ಲಿ ಬರುವಾಗ ಬಣ್ಣದ ಡಬ್ಬಿಗಳ ಮುಚ್ಚಳ ಬಿಗಿಯಾಗಿದೆಯೇ ಎಂದು ದಾರಿಯುದ್ದಕ್ಕೂ ನೋಡುತ್ತಿದ್ದರು. ನಾನು ಬಿಗಿಯಾಗಿ ಕೂತಿದ್ದೇನೆಯೇ ಎಂದು ಒಂದು ಸಲವೂ ನೋಡಲಿಲ್ಲ.

ಅವರ ಕಸುಬು ಬೋರ್ಡು ಬರೆಯುವುದು. ಅಂಗಡಿಯ ಬೋರ್ಡು, ಎತ್ತಿನಗಾಡಿಯ ನಂಬರು, ಎಸ್ಟೇಟಿನ ಗೇಟಿನ ಮೇಲೆ ದೊರೆಯ ಹೆಸರು, ಎಲ್ಲಕ್ಕೂ ಅವರೇ ಬೇಕು. ನೂಲು ಹಿಡಿದು, ಉಸಿರು ಕಟ್ಟಿ ಬರೆದರೆ ಅಕ್ಷರ ಒಂದು ಕೂದಲೆಳೆಯಷ್ಟೂ ವಾಲುತ್ತಿರಲಿಲ್ಲ. ಸೋಮವಾರದಿಂದ ಶನಿವಾರದವರೆಗೆ ಹೀಗೆ ನೇರವಾಗಿ ನಡೆದುಕೊಂಡ ಮನುಷ್ಯ ಭಾನುವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಕೊಟ್ಟಿಗೆ ಹೊಕ್ಕರೆ ಸಂಜೆಯವರೆಗೆ ಹೊರಗೆ ಬರುತ್ತಿರಲಿಲ್ಲ.

ಕೊಟ್ಟಿಗೆಯ ವಿಷಯ ಹೇಳಲೇಬೇಕು. ನಮ್ಮ ಬಾಡಿಗೆ ಮನೆಗೆ ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಹೆಂಚಿನ ಕೊಟ್ಟಿಗೆ. ನನ್ನ ತವರಿನವರು ಕೆಂದಿ ಎಂಬ ಹಸುವನ್ನು ಕೊಟ್ಟಿದ್ದರು. ಕೆಂದಿ ಕೊಟ್ಟಿಗೆಯಲ್ಲಿ ಸರಿಯಾಗಿ ಒಂದು ವಾರ ಇತ್ತು. ಆಮೇಲೆ ಅದಕ್ಕೆ ಪಕ್ಕದಲ್ಲಿ ತಗಡಿನ ಚಪ್ಪರ ಬಂತು, ಚಿತ್ರಗಳಿಗೆ ಹೆಂಚಿನ ಕೊಟ್ಟಿಗೆ ಬಂತು. ಬಾಗಿಲು ಉತ್ತರಕ್ಕಿದೆ, ಬೆಳಕು ದಿನವಿಡೀ ಒಂದೇ ಸಮ ಬರುತ್ತದೆ ಎಂದರು. ಹಸುವಿಗೂ ಬೆಳಕು ಬೇಡವೇ ಎಂದು ಕೇಳಿದೆ. ಅದು ಹೊರಗಿದ್ದರೆ ಇನ್ನೂ ಹೆಚ್ಚು ಬೆಳಕು ಸಿಗುತ್ತದಲ್ಲ ಎಂದರು. ಇಂಥವರ ಹತ್ತಿರ ಏನು ಮಾತಾಡುವುದು?

ಅವರ ಚಿತ್ರಗಳಲ್ಲಿ ಏನಿರುತ್ತಿತ್ತು ಎಂದು ಕೇಳಬೇಡಿ. ಮರವಿಲ್ಲ, ಮನುಷ್ಯನಿಲ್ಲ, ಮನೆಯಿಲ್ಲ. ಕಾಫಿ ಗೋಣಿಯನ್ನು ಬಿದಿರಿನ ಚೌಕಟ್ಟಿಗೆ ಬಿಗಿದು, ಹುಣಸೆಬೀಜದ ಅಂಟನ್ನು ಸೀಮೆಸುಣ್ಣದ ಜೊತೆ ಕಲಸಿ ಬಳಿಯುತ್ತಿದ್ದರು. ಆ ಅಂಟು ಕುದಿಯುತ್ತಿದ್ದದ್ದು ನನ್ನ ಸಾರಿನ ಪಾತ್ರೆಯಲ್ಲಿ. ಅದು ಒಣಗಿದ ಮೇಲೆ ಕಾವಿ, ನೀಲಿ, ಹಳದಿಗೆ ಹರಿದಳ, ದೀಪದ ಮಸಿ, ಇವನ್ನು ಅಗಸೆ ಎಣ್ಣೆಯಲ್ಲಿ ಅರೆದು ಪದರ ಪದರವಾಗಿ ಹಚ್ಚುವುದು, ತೆಂಗಿನ ಚಿಪ್ಪಿನ ಚೂರಿನಿಂದ ಕೆರೆಯುವುದು, ನನ್ನ ಹಳೆಯ ಸೀರೆಯಿಂದ ಒರೆಸುವುದು, ಮತ್ತೆ ಹಚ್ಚುವುದು. ನಡುವೆ ಗಂಟೆಗಟ್ಟಲೆ ಮಣೆ ಹಾಕಿಕೊಂಡು ಸುಮ್ಮನೆ ನೋಡುತ್ತ ಕೂರುವುದು. ಕೆಲಸ ಎಂದರೆ ಅದೇ ಮುಖ್ಯವಂತೆ, ಹಚ್ಚುವುದು ಬರೀ ಕೈಕೆಲಸವಂತೆ. ಮಡಿಕೇರಿಯ ಮಂಜಿಗೆ ಎಣ್ಣೆಬಣ್ಣ ತಿಂಗಳಾದರೂ ಒಣಗದು. ಆಗ ಚಿತ್ರ ನನ್ನ ಒಲೆಯ ಮೇಲಿನ ಅಟ್ಟಕ್ಕೆ ಬರುತ್ತಿತ್ತು. ಮೆಣಸಿನಕಾಯಿ ಒಗ್ಗರಣೆಗೆ ನಾವಿಬ್ಬರೂ ಕೆಮ್ಮುತ್ತಿದ್ದೆವು, ಚಿತ್ರ ಒಣಗುತ್ತಿತ್ತು.

ಈ ಹುಚ್ಚು ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದೆ. ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ನೋಡುವಾಗ ನಿನಗೇನು ಕಾಣುತ್ತದೆ ಎಂದು ಅವರು ನನ್ನನ್ನೇ ತಿರುಗಿ ಕೇಳಿದರು. ಲಿಂಗ ಕಾಣುತ್ತದೆ ಎಂದೆ. ತಮಗೆ ಮೊದಲು ಅದರ ಕಪ್ಪು ಕಾಣುತ್ತದೆ, ಆ ಕಪ್ಪಿನೊಳಗೆ ಎಷ್ಟು ದೂರ ಹೋದರೂ ಗೋಡೆ ಸಿಗುವುದಿಲ್ಲ, ಹಾಗೆ ಗೋಡೆ ಸಿಗದ ಚಿತ್ರ ಒಂದನ್ನಾದರೂ ಮಾಡಬೇಕು ಎಂದರು. ನಾನೂ ಅಂಗೈಯಲ್ಲಿ ಅದನ್ನೇ ಇಟ್ಟುಕೊಂಡವಳು. ನನಗೆ ಆ ಹೊತ್ತಿನಲ್ಲಿ ಶಾಲೆಗೆ ಹೊತ್ತಾಯಿತು ಎಂಬುದೇ ಹೆಚ್ಚು ಕಾಣುತ್ತಿತ್ತು.

ಸೌದೆ ತರುವ ಕೆಂಚಿ ಒಂದು ದಿನ ಕೊಟ್ಟಿಗೆಗೆ ಇಣುಕಿ, ಎರಡು ತಿಂಗಳು ಕೂತು ಮಾಡಿದ ಚಿತ್ರವನ್ನು ತುಂಬ ಹೊತ್ತು ನೋಡಿದಳು. "ಚೆನ್ನಾಗೈತೆ ಅಮ್ಮ, ಇನ್ನು ಒಣಗಿದ ಮೇಲೆ ಇದ್ರ ಮೇಲೆ ಚಿತ್ರ ಬರೀತಾರಾ?" ಎಂದಳು. ನಾನು ನಕ್ಕು ನಕ್ಕು ಸುಸ್ತಾದೆ. ನಮ್ಮವರು ನಗಲಿಲ್ಲ. ಇಷ್ಟು ಸರಿಯಾಗಿ ನೋಡಿದವರು ಈ ಊರಿನಲ್ಲಿ ಕೆಂಚಿಯೊಬ್ಬಳೇ ಎಂದು ಅವಳಿಗೆ ಒಂದು ಅಚ್ಚು ಬೆಲ್ಲ ಕೊಡಿಸಿದರು.

ಹೀಗೆ ನಡೆಯುತ್ತಿದ್ದಾಗ, ಮೂವತ್ತನೇ ಇಸವಿಯಲ್ಲಿ, ನಮ್ಮ ಮನೆಯ ಒಡೆಯರಾದ ಜಮಾದಾರ್ ಬೋಜಪ್ಪನವರು ಮೋಟಾರು ಕಾರು ಕೊಂಡರು. ಪಲ್ಟನ್ನಿನಿಂದ ನಿವೃತ್ತರಾಗಿ ಬಂದ ಕೊಡವರು, ಒಳ್ಳೆಯ ಮನುಷ್ಯ. ಆದರೆ ಕಾರಿನ ಮೇಲೆ ಎಳೆಗೂಸಿನ ಮೇಲಿದ್ದಂಥ ಮೋಹ. ಮಂಜು ಬಿದ್ದರೆ ಅದರ ಮೈ ಒರೆಸುತ್ತ ಓಡಾಡುತ್ತಿದ್ದರು. ಒಂದು ಸಂಜೆ ಬಂದು, ಬಹಳ ಸಂಕೋಚಪಟ್ಟುಕೊಂಡು, ಕೊಟ್ಟಿಗೆ ಬಿಟ್ಟುಕೊಡಬೇಕು, ಕಾರು ನಿಲ್ಲಿಸಲು ಬೇರೆ ಜಾಗವಿಲ್ಲ ಎಂದರು. ಅವರ ಕೊಟ್ಟಿಗೆ, ಅವರ ಕಾರು. ಬೇಡ ಎನ್ನಲು ನಾವು ಯಾರು?

ನಮ್ಮವರು ಆಗಲಿ ಎಂದರು. ಒಳಗೆ ಬಂದು ಗೋಡೆಗೆ ಒರಗಿ ಕೂತರು. ಅವತ್ತು ಊಟ ಮಾಡಲಿಲ್ಲ, ಮಾರನೆಯ ದಿನವೂ ಮಾಡಲಿಲ್ಲ. ಆ ವಾರ ಬರೆದ ಒಂದು ಜವಳಿ ಅಂಗಡಿಯ ಬೋರ್ಡಿನಲ್ಲಿ ಅಕ್ಷರಗಳೆಲ್ಲ ಬಲಕ್ಕೆ ವಾಲಿದವು. ಅದನ್ನು ಬೀದಿಯಲ್ಲಿ ನೋಡಿ, ಶಾಲೆಗೆ ಹೊರಟವಳು ಮನೆಗೆ ತಿರುಗಿದೆ. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಆ ಮನುಷ್ಯನನ್ನು ಎಬ್ಬಿಸಿ ಓಡಾಡಿಸುತ್ತಿದ್ದದ್ದು ಆ ಕೊಟ್ಟಿಗೆಯೊಂದೇ. ಅವರ ಚಿತ್ರ ನನಗೆ ಬೇಕಾಗಿರಲಿಲ್ಲ, ನಿಜ. ಚಿತ್ರವಿಲ್ಲದ ಗಂಡನಂತೂ ಖಂಡಿತ ಬೇಕಾಗಿರಲಿಲ್ಲ. ಸೀರೆ ಬದಲಿಸಿಕೊಂಡು ನಾನೇ ಜಮಾದಾರರ ಮನೆಗೆ ಹೋದೆ.

ನಾನು ಏನು ಮಾತಾಡಿದೆನೋ ಈಗ ನೆನಪಿಲ್ಲ, ಸ್ವಲ್ಪ ಜೋರಾಗಿಯೇ ಮಾತಾಡಿರಬೇಕು. ಜಮಾದಾರರು ಮೀಸೆ ಎಳೆದುಕೊಳ್ಳುತ್ತ ಯೋಚಿಸಿ ಒಂದು ದಾರಿ ಹೇಳಿದರು. ಅವರ ಒಕ್ಕದ, ಎಂದರೆ ಇಡೀ ಮನೆತನದ ಮೂಲಮನೆ ಐನ್‌ಮನೆ ಇರುವುದು ನೆಲ್ಯಹುದಿಕೇರಿಯ ಹತ್ತಿರ. ಮನೆತನದ ಹೆಸರು ಬರೆಯುವುದಿಲ್ಲ. ಅವರ ಮನೆಯಲ್ಲಿ ಇಂದಿಗೂ ಹನ್ನೆರಡು ಕೋವಿಗಳಿವೆ. ಮನೆತನವನ್ನು ಹುಟ್ಟುಹಾಕಿದ ಹಿರಿಯನನ್ನು ಅವರು ಕಾರಣಜ್ಜ ಎಂದು ಪೂಜಿಸುತ್ತಾರೆ. ನೆರೆಯ ಒಕ್ಕದವರು ಆಗಷ್ಟೇ ತಮ್ಮ ಹಿರಿಯರೊಬ್ಬರ ಫೋಟೋ ತೆಗೆಸಿ ಕಟ್ಟು ಹಾಕಿಸಿ ಜಗಲಿಯಲ್ಲಿ ನೇತುಹಾಕಿದ್ದರು. ನಮ್ಮ ಕಾರಣಜ್ಜನ ಚಿತ್ರ ಅದಕ್ಕಿಂತ ದೊಡ್ಡದಾಗಿ ಆಗಬೇಕು ಎಂದು ಒಕ್ಕದ ಯಜಮಾನ, ಪಟ್ಟೆದಾರ ಕುಟ್ಟಪ್ಪನವರು ಹಟ ಹಿಡಿದಿದ್ದರಂತೆ. ಆ ಚಿತ್ರವನ್ನು ನಮ್ಮವರು ಬರೆಯಬೇಕು. ಅದು ಮುಗಿಯುವವರೆಗೆ ಕೊಟ್ಟಿಗೆಗೆ ಕಾರು ಬರುವುದಿಲ್ಲ. ಮುಗಿದು, ಒಕ್ಕದವರೆಲ್ಲ ಒಪ್ಪಿದರೆ, ನಮ್ಮವರು ಬದುಕಿರುವ ತನಕ ಕೊಟ್ಟಿಗೆ ಅವರದು. ಒಪ್ಪದಿದ್ದರೆ ಮಾರನೆಯ ದಿನವೇ ಕಾರು ಒಳಗೆ ಬರುತ್ತದೆ.

ನಾನು ಕುಣಿದುಕೊಂಡು ಮನೆಗೆ ಬಂದೆ. ಒಂದು ಮುಖ ಬರೆದರೆ ಮುಗಿಯಿತು. ಅವರಿಗೆ ಮುಖ ಬರೆಯಲು ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ, ಚೆನ್ನಾಗಿಯೇ ಬರುತ್ತಿತ್ತು. ಬಂದೂ ಬರೆಯುತ್ತಿರಲಿಲ್ಲವಲ್ಲ, ಅದಕ್ಕೇ ನನಗೆ ಹೊಟ್ಟೆಯುರಿ. ಅವರು ಕೇಳಿದ್ದು ಒಂದೇ ಮಾತು, ಕಾರಣಜ್ಜನನ್ನು ನೋಡಿದವರು ಯಾರಿದ್ದಾರೆ? ಅವನು ಸತ್ತು ಏನಿಲ್ಲವೆಂದರೂ ಮುನ್ನೂರು ವರ್ಷವಾಗಿದೆ, ಯಾರೂ ಇಲ್ಲ, ನಿಮಗೆ ತೋಚಿದ ಹಾಗೆ ಬರೆಯಿರಿ ಎಂದೆ. ಎಂಥ ದಡ್ಡಿ ನಾನು. ಯಾರೂ ನೋಡಿಲ್ಲ ಎಂದರೆ ಎಲ್ಲರಿಗೂ ಗೊತ್ತಿರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಮೂರು ವಾರದಲ್ಲಿ ಚಿತ್ರವಾಯಿತು. ಎಷ್ಟು ಚೆಂದದ ಚಿತ್ರ ಗೊತ್ತೇ? ಕಪ್ಪು ನಿಲುವಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ಚೇಲೆ ಸುತ್ತಿ, ಪೀಚೆಕತ್ತಿ ಸಿಕ್ಕಿಸಿ, ಕೋವಿ ಹಿಡಿದು ನಿಂತ ಆಳು. ಹುರಿಮೀಸೆ. ಕಣ್ಣಂತೂ ನಾವು ಎಲ್ಲಿ ಹೋದರೂ ಹಿಂದೆಯೇ ಬರುತ್ತಿತ್ತು. ಚಿತ್ರವನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ಇಬ್ಬರೂ ಐನ್‌ಮನೆಗೆ ಹೋದೆವು. ಜಗಲಿಯಲ್ಲಿ ನಲವತ್ತು ಜನ ಸೇರಿದ್ದರು. ಅಲ್ಲಿನ ಪದ್ಧತಿಯಂತೆ, ಒಕ್ಕದಲ್ಲಿ ಒಬ್ಬರು ಬೇಡ ಎಂದರೂ ಪಟ್ಟೆದಾರರು ಒಪ್ಪುವ ಹಾಗಿಲ್ಲ. ಮೊದಲು ಎಲ್ಲರೂ ಆಹಾ ಎಂದರು. ಆಮೇಲೆ ಹಿಂದಿನಿಂದ ಒಬ್ಬರು, ಇದು ಪಕ್ಕದ ಒಕ್ಕದವರ ಮೀಸೆ, ನಮ್ಮ ಮನೆಯಲ್ಲಿ ಇಂಥ ಮೀಸೆ ಯಾರಿಗೂ ಇಲ್ಲ ಎಂದರು. ಅಲ್ಲಿಗೆ ಶುರುವಾಯಿತು.

ಮುಖದ ತುಂಬ ಸಿಡುಬಿನ ಕಲೆ ಇತ್ತು ಎಂದು ತೊಂಬತ್ತು ವರ್ಷದ ಚೀಯವ್ವ ಹೇಳಿದರು. ಇನ್ನೊಬ್ಬರು, ಚಂದ್ರನಂಥ ಮುಖ ಎಂದರು. ಹುಲಿ ಎಡಕಿವಿ ಕಿತ್ತಿತ್ತು ಎಂದು ಪಟ್ಟೆದಾರರೇ ಹೇಳಿದರು. ಬಲಕಿವಿ ಎಂದರು ಅವರ ತಮ್ಮ. ಹುಲಿಯಲ್ಲ, ಕಾಡುಹಂದಿ ಎಂದರು ಅವರ ಭಾವ. ಆ ಕಾಲದಲ್ಲಿ ಕೋವಿ ಎಲ್ಲಿತ್ತು, ಈಟಿ ಬರೆಯಿರಿ ಎಂದು ಒಂದು ಕಡೆ, ಕೋವಿಯಿಲ್ಲದೆ ನಿಂತವನು ನಮ್ಮ ಕಾರಣಜ್ಜನೇ ಅಲ್ಲ ಎಂದು ಇನ್ನೊಂದು ಕಡೆ. ನಮ್ಮವರು ಎಲ್ಲವನ್ನೂ ತಲೆಯಾಡಿಸುತ್ತ ಕೇಳಿ, ಚಿತ್ರವನ್ನು ಮತ್ತೆ ಬಸ್ಸು ಹತ್ತಿಸಿದರು.

ಎರಡನೆಯ ಸಲ ಹೋದಾಗ ಮೀಸೆ ಇರಲಿಲ್ಲ, ಕೋವಿ ಇರಲಿಲ್ಲ, ಕಿವಿಗಳು ತಲೆವಸ್ತ್ರದೊಳಗೆ ಸೇರಿಕೊಂಡಿದ್ದವು. ಬಣ್ಣ ಸರಿಯಾಗಿ ಒಣಗಿರಲಿಲ್ಲ. ಬಸ್ಸಿನ ಮೇಲೆ ಯಾರದೋ ಕೋಳಿಬುಟ್ಟಿ ಪಕ್ಕದಲ್ಲಿದ್ದು, ಕಾರಣಜ್ಜನ ಹಣೆಗೆ ಒಂದು ಪುಕ್ಕ ಅಂಟಿಕೊಂಡಿತ್ತು. ಚೀಯವ್ವ ಅದೊಂದು ಮಾತ್ರ ಸರಿಯಾಗಿದೆ ಎಂದರು. ಉಳಿದವರು ಕಣ್ಣಿನ ಮೇಲೆ ಬಿದ್ದರು. ಈ ಕಣ್ಣು ಬೋಜಪ್ಪನ ಕವಲಿನವರ ಕಣ್ಣು, ತನ್ನ ಬಾಡಿಗೆಮನೆಯವರಿಂದ ಬರೆಸಿದ್ದಕ್ಕೆ ಹೀಗಾಗಿದೆ ಎಂದು ಇನ್ನೊಂದು ಕವಲಿನವರು ಎದ್ದು ನಿಂತರು. ಜಮಾದಾರರ ಮುಖ ಕೆಂಪಾಯಿತು. ಮೂರನೆಯ ಸಲ ಕಣ್ಣೂ ಇಲ್ಲ, ಮೂಗೂ ಇಲ್ಲ, ಮುಖ ನೆರಳಿನಲ್ಲಿತ್ತು. ಆಗ ಎತ್ತರದ ಮೇಲೆ ಜಗಳವಾಯಿತು, ನಿಂತಿರಬೇಕೋ ಕೂತಿರಬೇಕೋ ಎಂದು ಜಗಳವಾಯಿತು, ಪೀಚೆಕತ್ತಿಯ ಹಿಡಿ ದಂತದ್ದೋ ಬೆಳ್ಳಿಯದೋ ಎಂದು ಇಬ್ಬರು ಮಾತು ಬಿಟ್ಟರು. ಕೊನೆಗೆ ನಮ್ಮವರು ಮೆಲ್ಲಗೆ, ಕುಪ್ಯದ ಕಪ್ಪು, ಚೇಲೆಯ ಕೆಂಪು, ಇವೆರಡರ ಬಗ್ಗೆ ಯಾರದಾದರೂ ತಕರಾರಿದೆಯೇ ಎಂದು ಕೇಳಿದರು. ಯಾರದೂ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಸಣ್ಣಗೆ ಹಾಡಿಕೊಳ್ಳುತ್ತಿದ್ದರು. ಮದುವೆಯಾದಂದಿನಿಂದ ಅವರು ಹಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ತಕ್ಷಣ ಅನುಮಾನ ಬಂತು.

ಅನುಮಾನ ಸುಳ್ಳಾಗಲಿಲ್ಲ. ಮರುದಿನ ಕೊಟ್ಟಿಗೆಗೆ ಹೋಗಿ ನೋಡಿದರೆ ಆಳೇ ಇಲ್ಲ. ಗೋಣಿಯ ತುಂಬ ಕಪ್ಪು, ಕೆಳಗೆ ಅಡ್ಡಲಾಗಿ ಒಂದು ಕೆಂಪು. ನಿಮ್ಮ ಭಾನುವಾರದ ಹುಚ್ಚನ್ನು ಆ ಜನರ ತಲೆಗೆ ಕಟ್ಟುತ್ತಿದ್ದೀರಿ, ಇದು ಮೋಸ, ಕೊಟ್ಟಿಗೆಯೂ ಹೋಗುತ್ತದೆ ಮಾನವೂ ಹೋಗುತ್ತದೆ ಎಂದು ಬಾಯಿಗೆ ಬಂದ ಹಾಗೆ ಬೈದೆ. ಅವರಿಗೆ ಸಿಟ್ಟು ಬರಲಿಲ್ಲ.

"ಅವ್ರು ಬ್ಯಾಡ ಅಂದಿದ್ದನ್ನ ತೆಗ್ದೆ ಕಣೆ. ಉಳ್ದಿದ್ದು ಇದು. ಇನ್ನು ಇದ್ರೊಳಗೆ ಆ ಅಜ್ಜ ಬಂದು ಕೂರೋ ಹಂಗೆ ಮಾಡ್ಬೇಕು. ಅದು ಮಾತ್ರ ನನ್ನ ಕೆಲಸ" ಎಂದರು.

ಆಮೇಲಿನ ಮೂರು ತಿಂಗಳು ಅವರು ಮಾಡಿದ ಕೆಲಸವನ್ನು ನಾನು ಜೀವಮಾನದಲ್ಲಿ ಕಂಡಿಲ್ಲ. ಭಾನುವಾರ ಮಾತ್ರವಲ್ಲ, ಬೋರ್ಡು ಬರೆದು ಬಂದ ಪ್ರತಿ ಸಂಜೆ ಕೊಟ್ಟಿಗೆ. ಹರಳೆಣ್ಣೆ ದೀಪದ ಮಸಿಯ ಕಪ್ಪು ಬೇರೆ, ತೆಂಗಿನ ಚಿಪ್ಪು ಸುಟ್ಟ ಕಪ್ಪು ಬೇರೆ ಎಂದು ನನಗೆ ಗೊತ್ತಾಗಿದ್ದು ಆಗಲೇ. ಅಡಿಯಲ್ಲಿ ನೀಲಿ, ಅದರ ಮೇಲೆ ಕಾವಿ, ಅದರ ಮೇಲೆ ಒಂದು ಕಪ್ಪು, ಕೆರೆದು ಇನ್ನೊಂದು ಕಪ್ಪು. ಇಷ್ಟೆಲ್ಲ ಮಾಡಿ ಕೊನೆಗೆ ಕಪ್ಪೇ ಕಾಣುವುದಾದರೆ ಅಡಿಯ ನೀಲಿ ಯಾರಿಗೆ ಎಂದು ಕೇಳಿದರೆ, ಉಪ್ಪು ಸಾರಿನಲ್ಲಿ ಕಾಣುತ್ತದೆಯೇ ಎಂದರು. ನನ್ನನ್ನು ಬಿಸಿಲಿನಲ್ಲಿ ನಿಲ್ಲಿಸಿ, ಸಟ್ಟನೆ ಒಳಗೆ ಕರೆದು, ಏನು ಕಾಣಿಸಿತು ಎನ್ನುವರು. ಕಪ್ಪು ಎನ್ನುವೆ. ಎಷ್ಟು ದೂರ ಎನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಒಂದು ದಿನ ಬಾಯಿ ತಪ್ಪಿ, ನಿನ್ನೆಗಿಂತ ಸ್ವಲ್ಪ ದೂರ ಎಂದುಬಿಟ್ಟೆ. ಅವರು ನನ್ನ ಕೈಯನ್ನು ಒಮ್ಮೆ ಹಿಡಿದು ಬಿಟ್ಟರು. ಸೀರೆಗೆ ಮಸಿಯಾಯಿತು.

ಬೇಸಗೆಯಲ್ಲಿ ಐನ್‌ಮನೆಯಲ್ಲಿ ಕಾರಣಜ್ಜನ ತೆರೆ, ಕೋಲದಂಥ ಸೇವೆ. ಮಲೆಯಾಳದ ಕಡೆಯಿಂದ ಬಂದ ತೆರೆಯವನು ಬಣ್ಣ ಬಳಿದು, ಉಡುಪು ಕಟ್ಟಿ ನಿಂತರೆ, ಕಾರಣಜ್ಜನೇ ಅವನ ಮೈಮೇಲೆ ಬಂದು ಮನೆಯವರೊಡನೆ ಮಾತಾಡುತ್ತಾನೆ. ಚಿತ್ರವನ್ನು ಅವತ್ತೇ ತರಬೇಕು ಎಂದು ಪಟ್ಟೆದಾರರ ಹುಕುಂ. ನಾವು ಬೆಳಿಗ್ಗೆ ತಲುಪಿದೆವು. ಮಾಂಸದ ಅಡುಗೆಯ ಘಾಟಿಗೆ ನಾನು ಅಂಗಳದ ಆಚೆ ತುದಿಯಲ್ಲಿ, ಮನೆಯಿಂದ ತಂದ ಅವಲಕ್ಕಿ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಜಮಾದಾರರು ಮಡಿಕೇರಿಯಿಂದ ಕಾರಿನಲ್ಲೇ ಬಂದಿದ್ದರು. ಒಪ್ಪಿಗೆಯಾಗದಿದ್ದರೆ ನಾಳೆಯೇ ಆ ಕಾರು ನಮ್ಮವರ ಜಾಗದಲ್ಲಿ ನಿಲ್ಲುತ್ತದೆ ಎಂದು ಅದನ್ನೇ ನೋಡುತ್ತಿದ್ದೆ. ಅವಲಕ್ಕಿ ಗಂಟನ್ನು ಬಿಚ್ಚಲೇ ಇಲ್ಲ.

ಚಿತ್ರವನ್ನು ಜಗಲಿಯ ಕಂಬಕ್ಕೆ ಒರಗಿಸಿ ಕಂಬಳಿ ತೆಗೆದರು. ಪಟ್ಟೆದಾರ ಕುಟ್ಟಪ್ಪನವರು ಹತ್ತಿರ ಬಂದು ನೋಡಿದರು, ಹಿಂದೆ ಸರಿದು ನೋಡಿದರು.

"ಇದೆಂಥದು ಸಿದ್ದಬಸಪ್ಪ? ಅಜ್ಜ ಎಲ್ಲಿ?" ಎಂದು ಕೇಳಿದರು.

ನಮ್ಮವರು ಬಾಯಿ ತೆರೆಯುವ ಮೊದಲೇ ಚೀಯವ್ವ ಕೋಲು ಕುಟ್ಟಿ, ಅಜ್ಜ ಅಲ್ಲೇ ಅಂಗಳದಲ್ಲಿ ನಿಂತಿದ್ದಾನಲ್ಲ, ಅವನನ್ನೇ ಕೇಳಿ ಎಂದರು. ಹೌದಲ್ಲ. ಇಷ್ಟು ತಿಂಗಳು ಕಿವಿ ಮೂಗಿಗೆ ಬಡಿದಾಡಿದ ಜನಕ್ಕೆ ಇದು ಹೊಳೆದಿರಲಿಲ್ಲ. ತೆರೆಯವನು ಗೆಜ್ಜೆಯ ಕಾಲು ಎಳೆಯುತ್ತ ಜಗಲಿಗೆ ಬಂದ. ಚಿತ್ರದ ಮುಂದೆ ನಿಂತ. ಎಷ್ಟು ಹೊತ್ತು ನಿಂತನೆಂದರೆ, ಚೆಂಡೆಯವರು ಬಾರಿಸುವುದನ್ನು ನಿಲ್ಲಿಸಿ ಕತ್ತು ಚಾಚಿದರು. ಆಮೇಲೆ ಮಲೆಯಾಳವೂ ಕೊಡವ ಮಾತೂ ಕೂಡಿದ ಭಾಷೆಯಲ್ಲಿ ಏನೋ ಹೇಳಿ, ಅಂಗೈ ತುಂಬ ಅಕ್ಕಿ ತೆಗೆದು ಚಿತ್ರದ ಮೇಲೆ ಹಾಕಿದ. ಒಣಗದ ಎಣ್ಣೆಗೆ ನಾಲ್ಕೈದು ಕಾಳು ಅಂಟಿಕೊಂಡವು. ಏನೆಂದ ಎಂದು, ನನ್ನ ಪಕ್ಕಕ್ಕೆ ಬಂದು ನಿಂತಿದ್ದ ಜಮಾದಾರರನ್ನು ಕೇಳಿದೆ. ಇದರಲ್ಲಿ ನನಗೆ ಜಾಗ ಇದೆ ಅಂದ ಎಂದು ಅವರು ಹೇಳಿದರು.

ಅಕ್ಕಿ ಬಿದ್ದದ್ದೇ ತಡ, ಜನರಿಗೆಲ್ಲ ಕಣ್ಣು ಬಂದವು. ಚೀಯವ್ವ ಸಿಡುಬಿನ ಕಲೆಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದರು. ಪಟ್ಟೆದಾರರಿಗೆ ಎಡಕಿವಿ ಇಲ್ಲದ್ದು ಸ್ಪಷ್ಟವಾಗಿ ಕಂಡಿತು, ಅವರ ತಮ್ಮನಿಗೆ ಬಲಕಿವಿ ಇಲ್ಲದ್ದು ಕಂಡಿತು. ಮಾತು ಬಿಟ್ಟ ಇಬ್ಬರೂ ಪೀಚೆಕತ್ತಿಯ ಹಿಡಿಯನ್ನು ನೋಡಿ, ನಾ ಹೇಳಲಿಲ್ಲವೇ ಎಂದು ಒಬ್ಬರ ಬೆನ್ನು ಒಬ್ಬರು ತಟ್ಟಿದರು. ನಲವತ್ತು ಜನರಲ್ಲಿ ಬೇಡ ಎಂದವರು ಒಬ್ಬರೂ ಇಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಕೊಟ್ಟಿಗೆ ಉಳಿಯಿತು.

ಪಟ್ಟೆದಾರರು ಶಾಲು ಹೊದ್ದು ಎದ್ದು ನಿಂತರು. ಪದ್ಧತಿಯ ಮಾತು ಒಂದು ಬಾಕಿ ಇತ್ತು. ಮನೆಗೆ ಮರದ ಬಾಗಿಲು ಮಾಡಿಕೊಟ್ಟ ಆಚಾರಿಯಾಗಲಿ, ದೀಪ ಎರಕ ಹೊಯ್ದವನಾಗಲಿ, ಕೆಲಸ ಮುಗಿಯಿತು ಎಂದು ತನ್ನ ಬಾಯಿಂದ ಹೇಳಿ ಒಪ್ಪಿಸಬೇಕು. "ಮುಗೀತಾ ಸಿದ್ದಬಸಪ್ಪ?" ಎಂದು ಕೇಳಿದರು. ಮುಗಿಯಿತು ಎಂಬ ಒಂದು ಮಾತು. ಹಸುಗೂಸಾದರೂ ಹೇಳುತ್ತಿತ್ತು.

ನಮ್ಮವರು ಚಿತ್ರವನ್ನು ನೋಡಿದರು. ತಲೆ ಓರೆ ಮಾಡಿ ಮತ್ತೆ ನೋಡಿದರು. ನನಗೆ ಆ ಓರೆ ಗೊತ್ತು. ಬೇಡ ಬೇಡ ಎಂದು ನಾನು ಅಂಗಳದ ತುದಿಯಿಂದ ಕೈಯಾಡಿಸಿದೆ.

"ಇಲ್ಲ ಪಟ್ಟೆದಾರರೇ. ಎಡಗಡೆ ಮೂಲೆ ಇನ್ನೂ ಬಂದಿಲ್ಲ" ಎಂದರು.

ಅವಲಕ್ಕಿ ಗಂಟನ್ನು ಅವರ ತಲೆಗೆ ಎಸೆಯಬೇಕು ಅನ್ನಿಸಿತು. ಅಷ್ಟು ದೂರ ಹೋಗುತ್ತಿರಲಿಲ್ಲ, ಅದಕ್ಕೆ ಸುಮ್ಮನಾದೆ. ಒಕ್ಕದ ಹಿರಿಯರೆಲ್ಲ ಒಳಗೆ ಹೋಗಿ ಒಂದು ಗಂಟೆ ಮಾತಾಡಿದರು. ಹೊರಗೆ ಬಂದು ಪಟ್ಟೆದಾರರು ತೀರ್ಪು ಹೇಳಿದರು. ಮುಗಿಯದ ಕಾರಣಜ್ಜನನ್ನು ಐನ್‌ಮನೆಗೆ ಏರಿಸುವ ಹಾಗಿಲ್ಲ. ಅಜ್ಜನ ಅಕ್ಕಿ ಬಿದ್ದ ಮೇಲೆ ಬೇಡ ಎನ್ನುವ ಹಾಗೂ ಇಲ್ಲ. ಆದ್ದರಿಂದ ಎಲ್ಲಿ ಕೆಲಸ ನಡೆಯುತ್ತಿದೆಯೋ ಅಲ್ಲೇ ಇರಲಿ, ಮುಗಿದ ದಿನ ಮೆರವಣಿಗೆಯಲ್ಲಿ ತರೋಣ. ಹಾಗಾದರೆ ಕಾರು ಎಂದು ಜಮಾದಾರರು ಸಣ್ಣ ದನಿಯಲ್ಲಿ ಕೇಳಿದರು. ಕುಟ್ಟಪ್ಪನವರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ಅಜ್ಜನ ಪಕ್ಕದಲ್ಲಿ ಎಣ್ಣೆ ಸೋರುವ ಗಾಡಿ ನಿಲ್ಲಿಸ್ತೀಯಾ ಬೋಜಪ್ಪ?" ಎಂದರು.

ಹೀಗೆ ಕಾರಣಜ್ಜ ನಮ್ಮ ಕೊಟ್ಟಿಗೆಗೆ ಬಂದ. ಕಾರು ತಗಡಿನ ಚಪ್ಪರದಲ್ಲಿ ಕೆಂದಿಯ ಪಕ್ಕ ನಿಂತಿತು. ಕೆಂದಿ ಮೊದಲ ವಾರದಲ್ಲೇ ಅದರ ಮೆತ್ತೆಯನ್ನು ನೆಕ್ಕಿ ಹರಿದುಹಾಕಿತು. ವರ್ಷಕ್ಕೊಮ್ಮೆ ಒಕ್ಕದವರು ಬಂದು ಚಿತ್ರದ ಮುಂದೆ ಎಡೆಯಿಡುವುದು ಶುರುವಾಯಿತು. ಅವರ ಹಿರಿಯರಿಗೆ ಕೋಳಿ, ಸಾರಾಯಿ ಆಗಬೇಕು. ನಮ್ಮ ಲಿಂಗಾಯತರ ಹಿತ್ತಲಲ್ಲಿ ಅದು ಹೇಗಾಗುತ್ತದೆ? ನಾನು ಬಾಗಿಲಿಗೆ ಅಡ್ಡ ನಿಂತೆ. ಕೊನೆಗೆ ಇಲ್ಲಿ ತೆಂಗಿನಕಾಯಿ ಬೆಲ್ಲ, ಉಳಿದದ್ದು ಐನ್‌ಮನೆಯಲ್ಲಿ ಎಂದು ರಾಜಿಯಾಯಿತು. ಟೀಚರಮ್ಮನ ಮನೆಯಲ್ಲಿ ಅಜ್ಜ ಸೊರಗಿಹೋಗುತ್ತಾನೆ ಎಂದ ಚೀಯವ್ವ, ಬರುವಾಗಲೆಲ್ಲ ಚಿತ್ರವನ್ನು ಕಣ್ಣಲ್ಲೇ ಅಳೆದು ನೋಡುತ್ತಿದ್ದರು.

ಮುಗಿಯಿತೇ ಎಂದು ಅವರು ಪ್ರತಿ ವರ್ಷ ಕೇಳುವರು. ಇನ್ನೂ ಇಲ್ಲ ಎಂದು ಇವರು ಪ್ರತಿ ವರ್ಷ ಹೇಳುವರು. ಹದಿಮೂರು ವರ್ಷ. ಕುಟ್ಟಪ್ಪನವರು ತೀರಿಕೊಂಡು ಅವರ ತಮ್ಮ ಪಟ್ಟೆದಾರರಾದರು, ಅವರಿಗೂ ಅದೇ ಉತ್ತರ. ಮಡಿಕೇರಿಯಲ್ಲಿ ಎಲ್ಲರೂ ನಮ್ಮವರ ಜಾಣತನವನ್ನು ಹೊಗಳುತ್ತಿದ್ದರು. ಒಂದು ಮೂಲೆ ತೋರಿಸಿ ಜಮಾದಾರರ ಕೊಟ್ಟಿಗೆ ಹೊಡೆದನಲ್ಲ, ಎಂಥ ತಲೆ ಎನ್ನುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಹೇಳಿಕೊಂಡು ನಗುತ್ತಿದ್ದೆ ಕೂಡ. ಒಮ್ಮೆ ಅವರ ಮುಂದೆಯೇ ಹೇಳಿದೆ. ಅವರ ಮುಖ ಬಿದ್ದುಹೋಯಿತು. ನನ್ನನ್ನು ಕರೆದುಕೊಂಡು ಹೋಗಿ ಚಿತ್ರದ ಮುಂದೆ ಮಣೆ ಹಾಕಿ ಕೂರಿಸಿದರು. ಎಡಗಡೆ ಮೂಲೆ ನೋಡು ಎಂದರು. ನೋಡಿದೆ. ಕಪ್ಪಗಿತ್ತು. ಒಲೆಯ ಮೇಲೆ ಅನ್ನ ಇತ್ತು, ಎದ್ದು ಬಂದೆ.

ನಲವತ್ತನಾಲ್ಕರ ಮಾಘದಲ್ಲಿ ಅವರು ನಾಲ್ಕು ದಿನ ಜ್ವರ ಬಂದು ಹೋಗಿಬಿಟ್ಟರು. ಹೋಗುವ ಹಿಂದಿನ ದಿನವೂ ಬೆರಳಿಗೆ ಮಸಿ ಹತ್ತಿತ್ತು.

ತಿಂಗಳು ಕಳೆದ ಮೇಲೆ ಜಮಾದಾರರು ಬಂದರು. ಅವರಿಗೂ ವಯಸ್ಸಾಗಿತ್ತು, ಕಾರಿಗಂತೂ ಇನ್ನೂ ಹೆಚ್ಚು ವಯಸ್ಸಾಗಿತ್ತು. ಒಕ್ಕದವರು ಕೇಳಿಕೊಂಡು ಬಾ ಎಂದಿದ್ದಾರೆ ಎಂದು ಬಹಳ ಮೆಲ್ಲಗೆ ಹೇಳಿದರು. ಚಿತ್ರ ಮುಗಿದಿದೆ ಎಂದು ನಾನು ಹೇಳಿದರೆ ಮೆರವಣಿಗೆಯಲ್ಲಿ ಐನ್‌ಮನೆಗೆ ಒಯ್ಯುತ್ತಾರೆ, ನೆರೆಯ ಒಕ್ಕದವರ ಫೋಟೋಗಿಂತ ಎತ್ತರಕ್ಕೆ ಏರಿಸುತ್ತಾರೆ, ಕೆಳಗೆ ನಮ್ಮವರ ಹೆಸರನ್ನೂ ಬರೆಸುತ್ತಾರೆ. ಮುಗಿಸುವವನೇ ಇಲ್ಲದ ಮೇಲೆ ಮುಗಿಯಿತು ಎಂದರೆ ತಪ್ಪೇನಿಲ್ಲ ಟೀಚರಮ್ಮ ಎಂದರು. ನನಗೂ ಅದೇ ಸರಿ ಅನ್ನಿಸಿತು. ಜೀವಮಾನವೆಲ್ಲ ಕೊಟ್ಟಿಗೆಯಲ್ಲಿ ಕಳೆದವರ ಹೆಸರು ಅಷ್ಟು ದೊಡ್ಡ ಮನೆಯ ಜಗಲಿಗೆ ಹೋಗುವುದು ಯಾವ ಹೆಂಡತಿಗೆ ಬೇಡ? ಒಂದು ಸಲ ಧೂಳು ಒರೆಸಿ ಬರುತ್ತೇನೆ ಎಂದು ಒಳಗೆ ಹೋದೆ.

ಹೊರಗೆ ಬಿಸಿಲಿತ್ತು. ಸಟ್ಟನೆ ಒಳಗೆ ಹೋದದ್ದಕ್ಕೋ ಏನೋ, ಕಪ್ಪು ನನ್ನ ಮುಂದೆ ತೆರೆದುಕೊಂಡ ಹಾಗಾಯಿತು. ಒಳಗೆ, ಇನ್ನೂ ಒಳಗೆ. ನೋಡುತ್ತ ನೋಡುತ್ತ ಮಣೆಯ ಮೇಲೆ ಕೂತೆ. ಕಣ್ಣು ಎಲ್ಲಿ ಇಟ್ಟರೂ ದೂರ ಹೋಗುತ್ತಿತ್ತು, ನಡುವೆ ಹೋಗುತ್ತಿತ್ತು, ಬಲಗಡೆ ಹೋಗುತ್ತಿತ್ತು, ಕೆಂಪಿನ ಕೆಳಗೂ ಹೋಗುತ್ತಿತ್ತು. ಎಡಗಡೆಯ ಮೂಲೆಗೆ ಬಂದಾಗ ನಿಂತಿತು. ಗೋಡೆಗೆ ಬಡಿದ ಹಾಗೆ ಅಲ್ಲೇ ನಿಂತಿತು. ಅಯ್ಯೋ ಎಂದು ನನ್ನ ಬಾಯಿಂದ ಬಂತು. ಹದಿಮೂರು ವರ್ಷ ಈ ಮನುಷ್ಯ ನಿಜವನ್ನೇ ಹೇಳುತ್ತಿದ್ದರು, ನಾನು ಊರಿನ ಜೊತೆ ಸೇರಿಕೊಂಡು ನಕ್ಕೆ. ಅವತ್ತು ಅನ್ನ ಸೀದರೆ ಸೀಯಲಿ ಎಂದು ಇನ್ನೊಂದು ಗಳಿಗೆ ಕೂತಿದ್ದರೆ ಏನಾಗುತ್ತಿತ್ತು? ಅವರು ತೀರಿಕೊಂಡ ದಿನ ಬಾರದ ಅಳು ಅಲ್ಲಿ ಕೂತು ಬಂತು.

ಜಮಾದಾರರು ಬಾಗಿಲಲ್ಲಿ ನೆರಳಾಗಿ ನಿಂತಿದ್ದರು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

"ಏನು ಹೇಳಲಿ ಅವರಿಗೆ? ಮುಗೀತು ಅನ್ನಲಾ?" ಎಂದು ಕೇಳಿದರು.

"ಇಲ್ಲ ಜಮಾದಾರರೇ" ಎಂದೆ. "ಎಡಗಡೆ ಮೂಲೆ ಇನ್ನೂ ಬಂದಿಲ್ಲ. ನೀವೂ ಕೂತು ನೋಡಿ."

ಇನ್ನೊಂದು ಮಣೆ ತಂದು ಹಾಕಿದೆ.